ಗಾಳಿಗೆ ಕೊಟ್ಟ ದುಡ್ಡು

ಡಿಸೆಂಬರಿನಲ್ಲಿ ಆಯಿಯನ್ನೂ ಕರೆದುಕೊಂಡು ನಾನು, ನಮ್ಮ ಮನೆಯವಳು ಮುಂಬಯಿಯಿಂದ ಗೋವಾಕ್ಕೆ ಹಡಗಿನಲ್ಲಿ ಹೋಗಿ ಬಂದೆವು. ಹಡಗೆಂದರೆ ಈಗಿನ ಕ್ರೂಸ್. ಅದರಲ್ಲೂ ಬಾಲ್ಕನಿ ಇರುವ ಸೂಟ್! ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತು, ಸಾಲ ಕೇಳಲು ಬಂದವರಿಗೆಲ್ಲ "ಇಷ್ಟು ಬೇಕೇ ಬೇಕಾ?" ಎಂದು ಕೇಳಿದ ನಾನು ಎರಡು ರಾತ್ರಿಗೆ ಹೆಚ್ಚುಕಡಿಮೆ ಒಂದು ತಿಂಗಳ ಸಂಬಳ ಸುರಿದು ಬಂದೆ ಎಂದರೆ ಶಾಖೆಯಲ್ಲಿ ಯಾರೂ ನಂಬಲಿಲ್ಲ. ನಂಬಿದವರು ಒಂದೇ ಪ್ರಶ್ನೆ ಕೇಳಿದರು. ಆ ಬಾಲ್ಕನಿಗೆ ಕೊಟ್ಟದ್ದು ವಸೂಲಾಯಿತೇ?

ಪ್ರಶ್ನೆ ಸಣ್ಣದು, ಆದರೆ ಅದು ನನ್ನ ತಲೆ ಹೊಕ್ಕಿತು. ನಾನು ಇತಿಹಾಸ ಓದಿದವನಲ್ಲ, ಬರೀ ಬಿ.ಕಾಂ. ಆದರೆ ಯಾವ ಖರ್ಚು ಯಾವ ಬಾಬಿಗೆ ಹೋಯಿತು ಎಂದು ಹುಡುಕುವುದು ನನ್ನ ಹೊಟ್ಟೆಪಾಡು ತಾನೆ? ಹಡಗಿನ ದೊಡ್ಡ ಕೋಣೆಗೆ ಜನ ಇಷ್ಟು ಕಾಲ ದುಡ್ಡು ಕೊಟ್ಟದ್ದು ಏತಕ್ಕೆ ಎಂದು ಎರಡು ತಿಂಗಳು ಸಿಕ್ಕಿದ್ದೆಲ್ಲ ಓದಿದೆ. ಹಾಸಿಗೆ, ಬೆಳ್ಳಿ ಚಮಚ, ಹಣ್ಣಿನ ಬುಟ್ಟಿ ಎಲ್ಲ ಆಮೇಲಿನ ಮಾತು. ಮೂಲದಲ್ಲಿ ಕೊಟ್ಟದ್ದು ಗಾಳಿಗೆ.

ಮೊದಲು ಎಲ್ಲರಿಗೂ ಗೊತ್ತಿರುವ ಒಂದು ಕಥೆ. ಇಂಗ್ಲಿಷಿನಲ್ಲಿ 'ಪಾಶ್' ಎನ್ನುತ್ತೇವಲ್ಲ, ಪಾಶ್ ಏರಿಯಾ, ಪಾಶ್ ಜನ ಅಂತ, ಆ ಶಬ್ದ ಹಡಗಿನ ಟಿಕೆಟಿನಿಂದ ಬಂತು ಎನ್ನುತ್ತಾರೆ. 'ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್' ಎಂಬುದರ ಮೊದಲ ನಾಲ್ಕು ಅಕ್ಷರಗಳಂತೆ. ಹಡಗಿನ ಎಡಗಡೆ ಪೋರ್ಟ್, ಬಲಗಡೆ ಸ್ಟಾರ್‌ಬೋರ್ಡ್. ಇಂಗ್ಲೆಂಡಿನಿಂದ ಹಿಂದೂಸ್ತಾನಕ್ಕೆ ಬರುವಾಗ ಎಡಗಡೆಯ ಕೋಣೆ, ಹಿಂದಿರುಗುವಾಗ ಬಲಗಡೆಯದು. ಕೆಂಪು ಸಮುದ್ರದಲ್ಲಿ ದಕ್ಷಿಣಕ್ಕೆ ಬರುವ ಹಡಗಿನ ಬಲಗಡೆಗೆ ಮಧ್ಯಾಹ್ನದ ಬಿಸಿಲು ಬಡಿಯುತ್ತದೆ. ಎಡಗಡೆಯವರಿಗೆ ಬೆಳಗಿನ ಎಳೆ ಬಿಸಿಲು ಮಾತ್ರ. ಅರಬ್ಬೀ ಸಮುದ್ರಕ್ಕೆ ಬಂದು ಪೂರ್ವಕ್ಕೆ ತಿರುಗಿದರೆ ಎಡಗಡೆ ಉತ್ತರಕ್ಕೆ, ನೆರಳಿಗೆ. ತಿಳಿದವರು ಹಾಗೆ ಕೇಳಿ ಪಡೆಯುತ್ತಿದ್ದರು, ಪಿ ಅಂಡ್ ಓ ಕಂಪನಿ ಅವರ ಟಿಕೆಟಿನ ಮೇಲೆ ಆ ನಾಲ್ಕು ಅಕ್ಷರ ಒತ್ತುತ್ತಿತ್ತು ಎಂದು ಕಥೆ.

ಕಥೆ ಚೆನ್ನಾಗಿದೆ, ಆದರೆ ಸುಳ್ಳು. ಅಂಥ ಮುದ್ರೆಯ ಒಂದು ಟಿಕೆಟೂ ಇದುವರೆಗೆ ಸಿಕ್ಕಿಲ್ಲ, ಕಂಪನಿಯ ಕಡತದಲ್ಲೂ ಇಲ್ಲ. ಈ ವಿವರಣೆ ಅಚ್ಚಿನಲ್ಲಿ ಕಾಣುವುದೇ 1930ರ ದಶಕದಿಂದೀಚೆಗೆ. ಶಬ್ದ ಅದಕ್ಕಿಂತ ಹಳೆಯದು. ವೋಚರ್ ಇಲ್ಲದ ಎಂಟ್ರಿ ನಾನು ಪಾಸು ಮಾಡುವುದಿಲ್ಲ. ಆದರೆ ಕಥೆ ಹುಟ್ಟಲು ಕಾರಣವಾದ ಸೆಕೆ ಮಾತ್ರ ಸುಳ್ಳಲ್ಲ.

ಪಿ ಅಂಡ್ ಓ ಶುರುವಾದದ್ದು 1837ರಲ್ಲಿ, ಸ್ಪೇನ್-ಪೋರ್ಚುಗಲ್ ಕಡೆಯ ಟಪಾಲು ಒಯ್ಯಲು. 1840ರಲ್ಲಿ ಹೆಸರಿಗೆ 'ಓರಿಯೆಂಟಲ್' ಸೇರಿತು. 1869ರಲ್ಲಿ ಸುಯೆಜ್ ಕಾಲುವೆ ತೆರೆದ ಮೇಲೆ ಸಾಹೇಬರು, ಅವರ ಮಡದಿಯರು, ನಮ್ಮ ಬ್ಯಾರಿಸ್ಟರಾಗ ಹೊರಟ ಹುಡುಗರು ಎಲ್ಲರ ದಾರಿಯೂ ಕೆಂಪು ಸಮುದ್ರವೇ ಆಯಿತು. ಕಬ್ಬಿಣದ ಹಡಗು, ಒಳಗೆ ಬಾಯ್ಲರಿನ ಕಾವು, ಹೊರಗೆ ಮರುಭೂಮಿಯ ಕಾವು. ಕೋಣೆಗೆ ಇದ್ದದ್ದು ಊಟದ ತಟ್ಟೆಯಷ್ಟಗಲದ ಒಂದು ದುಂಡು ಕಿಟಕಿ. ಅಲೆ ಎದ್ದರೆ ಅದನ್ನೂ ತಿರುಪು ಬಿಗಿದು ಮುಚ್ಚಬೇಕು. ಹೀಗಾಗಿ ಫಸ್ಟ್ ಕ್ಲಾಸಿನ ಮಹನೀಯರು ಏನು ಮಾಡುತ್ತಿದ್ದರು ಗೊತ್ತೇ? ರಾತ್ರಿ ಹಾಸಿಗೆ ಎತ್ತಿಸಿಕೊಂಡು ಮೇಲಿನ ಡೆಕ್ಕಿಗೆ ಬಂದು ಮಲಗುತ್ತಿದ್ದರು. ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ. ಬೆಳಗಾಗುವುದರೊಳಗೆ ಖಲಾಸಿಗಳು ಡೆಕ್ಕು ತೊಳೆಯಲು ನೀರು ಹಿಡಿದು ಬರುತ್ತಿದ್ದರು, ಹಾಸಿಗೆ ಬಿಟ್ಟು ಏಳಲೇಬೇಕು. ಮೇ ತಿಂಗಳಲ್ಲಿ ದಾದರಿನ ನಮ್ಮ ಚಾಳಿನ ಗ್ಯಾಲರಿಯಲ್ಲಿ ಮಲಗಿ, ನಳ ಬರುವ ಹೊತ್ತಿಗೆ ಕೊಡಗಳ ಸದ್ದಿಗೆ ಎದ್ದವನು ನಾನು. ಓದುವಾಗ ನಗು ಬಂತು.

ಕೋಣೆಯೊಳಗೇ ಗಾಳಿ ತರಲು ಬುದ್ಧಿವಂತರು ಉಪಾಯ ಹುಡುಕುತ್ತಲೇ ಇದ್ದರು. ಲಿವರ್‌ಪೂಲಿನಿಂದ ರಂಗೂನಿಗೆ ಹಡಗು ಬಿಡುತ್ತಿದ್ದ ಬಿಬಿ ಕಂಪನಿ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಒಂದು ಹೊಸ ತರಹದ ಕೋಣೆ ಮಾಡಿತು. ಒಳಗಿನ ಸಾಲಿನ ಕೋಣೆಗೆ ಕಿಟಕಿ ಇಡಲು ಜಾಗವಿರುವುದಿಲ್ಲವಷ್ಟೆ. ಅದರ ಒಂದು ಮೂಲೆಯಿಂದ ಹೊರಗಿನ ಕೋಣೆಯ ಪಕ್ಕದಲ್ಲೇ ಸಣ್ಣ ಓಣಿಯೊಂದನ್ನು ಹಡಗಿನ ಗೋಡೆಯವರೆಗೆ ಎಳೆದು, ಆ ಓಣಿಯ ತುದಿಗೆ ಒಂದು ದುಂಡು ಕಿಟಕಿ ಇಟ್ಟರು. ಮೇಲಿನಿಂದ ನೋಡಿದರೆ ಇಂಗ್ಲಿಷಿನ 'ಎಲ್' ಅಕ್ಷರದ ಹಾಗೆ. ಬಿಬಿ ಕ್ಯಾಬಿನ್ ಎಂದೇ ಅದಕ್ಕೆ ಹೆಸರಾಯಿತು. ಒಂದು ಮೊಳ ಅಗಲದ ಬೆಳಕಿಗೆ ಅಷ್ಟು ಸಾಹಸ!

ಇನ್ನು ಈ 'ಸವಲತ್ತು'ಗಳ ಮಾತು. ಕೋಣೆಗೇ ಊಟ ತರಿಸಿಕೊಳ್ಳುವುದು ಈಗ ಸೂಟಿನವರ ಹೆಮ್ಮೆ. 1888ರ ಸೆಪ್ಟೆಂಬರ್ 4ರಂದು 'ಕ್ಲೈಡ್' ಎಂಬ ಹಡಗಿನಲ್ಲಿ ಮುಂಬಯಿ ಬಿಟ್ಟ ಹದಿನೆಂಟರ ಮೋಹನದಾಸ ಗಾಂಧಿಯೂ ಕೋಣೆಯಲ್ಲೇ ಊಟ ಮಾಡಿದ. ಆದರೆ ಆತನ ಕಾರಣ ಬೇರೆ. ಮುಳ್ಳುಚಮಚ ಹಿಡಿಯಲು ಬಾರದು, ಬಡಿಸುವ ಪದಾರ್ಥದಲ್ಲಿ ಮಾಂಸವಿಲ್ಲದ್ದು ಯಾವುದು ಎಂದು ಕೇಳಲು ನಾಚಿಕೆ. ಮನೆಯಿಂದ ತಂದ ಸಿಹಿತಿಂಡಿ, ಹಣ್ಣು ತಿಂದುಕೊಂಡೇ ದಿನ ಕಳೆದೆನೆಂದು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ಅದೇ ಮನುಷ್ಯ 1931ರ ಆಗಸ್ಟ್ 29ರಂದು ಅದೇ ಮುಂಬಯಿಯಿಂದ 'ರಾಜಪುತಾನಾ' ಹಡಗಿನಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೊರಟರು. ಹಡಗಿನಲ್ಲಿ ಎರಡೇ ದರ್ಜೆ, ಅವರು ತೆಗೆದದ್ದು ಎರಡನೆಯದು. ಆದರೆ ಕೋಣೆಯಲ್ಲಿ ಇದ್ದದ್ದು ಕಡಿಮೆ. ಡೆಕ್ಕಿನ ಒಂದು ಮೂಲೆ ಹಿಡಿದು ಅಲ್ಲೇ ನೂಲು, ಅಲ್ಲೇ ಪ್ರಾರ್ಥನೆ, ಅಲ್ಲೇ ನಿದ್ದೆ. ಜತೆಯವರು ತಂದ ಸಾಮಾನು ಜಾಸ್ತಿಯಾಯಿತೆಂದು ಗದರಿಸಿ, ಬೇಡದ ಪೆಟ್ಟಿಗೆಗಳನ್ನು ಏಡನ್ ಬಂದರಿನಿಂದಲೇ ವಾಪಸು ಕಳಿಸಿದರು. ಅವರ ತತ್ವ ದೊಡ್ಡದು, ಅದನ್ನು ತೂಗುವಷ್ಟು ನಾನು ದೊಡ್ಡವನಲ್ಲ. ಆದರೆ ಸೆಕೆಯ ಕಾಲದಲ್ಲಿ ಹಡಗಿನ ಒಳ್ಳೆಯ ಜಾಗ ಯಾವುದು ಎಂಬುದು ಅವರಿಗೆ ಸರಿಯಾಗಿ ಗೊತ್ತಿತ್ತು!

ಸಾಹೇಬರ ಹಾಸಿಗೆ ಮೇಲಕ್ಕೆ ಹೊತ್ತು ತರುತ್ತಿದ್ದವರು ಎಲ್ಲಿ ಮಲಗುತ್ತಿದ್ದರು? ಪಿ ಅಂಡ್ ಓ ಹಡಗುಗಳಲ್ಲಿ ಬಡಿಸುವವರು, ಕೋಣೆ ನೋಡಿಕೊಳ್ಳುವವರು ಬಹುತೇಕ ಗೋವಾದ ಕ್ರಿಸ್ತರು. ಡೆಕ್ಕಿನ ಕೆಲಸಕ್ಕೆ, ಇಂಜಿನಿಗೆ ಕಲ್ಲಿದ್ದಲು ಹಾಕಲು ಹಿಂದೂಸ್ತಾನದ ಬೇರೆ ಬೇರೆ ಕಡೆಯವರು. 'ಲಸ್ಕರ್' ಎಂದು ಒಟ್ಟು ಹೆಸರು. 1894ರ ಬ್ರಿಟಿಷ್ ಹಡಗು ಕಾನೂನಿನ ಪ್ರಕಾರ ಬಿಳಿ ನಾವಿಕನಿಗೆ ಹಡಗಿನಲ್ಲಿ ಕನಿಷ್ಠ 72 ಘನ ಅಡಿ ಜಾಗ ಕೊಡಬೇಕು. ಲಸ್ಕರನಿಗೆ 36 ಸಾಕು. ಆರಡಿ ಉದ್ದ, ಎರಡಡಿ ಅಗಲ, ಮೂರಡಿ ಎತ್ತರ. ಲೆಕ್ಕ ಹಾಕಿ ನೋಡಿ. ನಮ್ಮ ಶಾಖೆಯ ಸ್ಟೇಶನರಿ ಕಪಾಟು ಇದಕ್ಕಿಂತ ದೊಡ್ಡದು. ಗೋವಾದ ಆ ಹಡಗು ಕೆಲಸಗಾರರಿಗೆ ಕೊಂಕಣಿಯಲ್ಲಿ 'ತಾರ್ವಟಿ' ಎನ್ನುತ್ತಾರೆ. ಅವರು ಒಂದು ಹಡಗು ಇಳಿದು ಇನ್ನೊಂದು ಸಿಗುವ ತನಕ ಉಳಿದುಕೊಳ್ಳುತ್ತಿದ್ದ 'ಕೂಡ್'ಗಳು ಧೋಬಿ ತಲಾವ್ ಕಡೆ ನಾನು ಕೆಲಸಕ್ಕೆ ಸೇರಿದ ಕಾಲದಲ್ಲೂ ಇದ್ದವು. ಒಂದೊಂದು ಊರಿಗೆ ಒಂದೊಂದು ಕೂಡ್. ನಮ್ಮ ಊರಿನವರ ಖೋಲಿಗಳ ಹಾಗೇ.

ಸರಿ, ಬಾಲ್ಕನಿಗೆ ಬರೋಣ.

ಸ್ವಂತದ್ದೊಂದು ಬಾಲ್ಕನಿ ಹಡಗಿನಲ್ಲಿ ಬೇಕೆಂದು ದುಡ್ಡು ಚೆಲ್ಲಿದವರಲ್ಲಿ ಹೆಸರಾದವರು ಟೈಟಾನಿಕ್‌ನವರು. 1912ರ ಆ ಹಡಗಿನ ಬಿ ಡೆಕ್ಕಿನಲ್ಲಿ ಎರಡು ಸೂಟುಗಳಿಗೆ ಮಾತ್ರ ಐವತ್ತು ಅಡಿ ಉದ್ದದ ಖಾಸಗಿ ಓಡಾಟದ ಜಾಗವಿತ್ತು. ಒಂದರಲ್ಲಿ ಕಂಪನಿಯ ಮುಖ್ಯಸ್ಥ ಬ್ರೂಸ್ ಇಸ್ಮೇ. ಅವರದ್ದು ಬಿಡಿ, ಸ್ಟಾಫ್ ರಿಯಾಯಿತಿ ಎನ್ನಬೇಕು. ಇನ್ನೊಂದರಲ್ಲಿ ಫಿಲಡೆಲ್ಫಿಯಾದ ಷಾರ್ಲಟ್ ಕಾರ್ಡೇಜಾ, ಅವರ ಮಗ, ಒಬ್ಬ ಸೇವಕಿ, ಒಬ್ಬ ಸೇವಕ. ಟಿಕೆಟಿಗೆ 512 ಪೌಂಡು ಚಿಲ್ಲರೆ. ಅದೇ ಹಡಗಿನ ಮೂರನೇ ದರ್ಜೆಗೆ ಏಳೆಂಟು ಪೌಂಡು. ಮೂರನೇ ದರ್ಜೆಯ ಏಳುನೂರು ಜನಕ್ಕೆ ಸ್ನಾನದ ತೊಟ್ಟಿ ಎರಡೇ ಎರಡು.

ಆ ಖಾಸಗಿ ಜಾಗದ ಚಿತ್ರ ನೋಡಿದಾಗ ನನಗೆ ಆಶ್ಚರ್ಯವಾಯಿತು. ಅದು ಬಯಲಲ್ಲ. ಅಟ್ಲಾಂಟಿಕ್‌ನ ಚಳಿಗೆ ಸಾಲಾಗಿ ಕಿಟಕಿ ಕೂರಿಸಿ ಮುಚ್ಚಿದ್ದು. ನಮ್ಮ ಬೋರಿವಲಿ, ಡೋಂಬಿವಲಿಯಲ್ಲಿ ಬಾಲ್ಕನಿಗೆ ಅಲ್ಯೂಮಿನಿಯಮ್ ಸ್ಲೈಡಿಂಗ್ ಹಾಕಿಸಿ ಮಗನ ಓದುವ ಕೋಣೆ ಮಾಡುತ್ತೇವಲ್ಲ, ಥೇಟ್ ಹಾಗೇ. ಹಾಗಾದರೆ ಅವರು 512 ಪೌಂಡು ಕೊಟ್ಟದ್ದು ಏತಕ್ಕೆ? ಗಾಳಿ ಮೇಲಿನ ಡೆಕ್ಕಿನಲ್ಲಿ ಧಾರಾಳವಾಗಿತ್ತು. ಕೊಟ್ಟದ್ದು ಬೇರೆಯವರ ಜತೆ ಓಡಾಡಬೇಕಿಲ್ಲ ಎಂಬುದಕ್ಕೆ. ಅಲ್ಲಿಗೆ ವ್ಯಾಪಾರದ ಸರಕೇ ಬದಲಾಯಿತು ನೋಡಿ. ನಾಲ್ವರೂ ಬದುಕಿ ಉಳಿದರು. ಆಮೇಲೆ ಆಕೆ ಸಲ್ಲಿಸಿದ ಕ್ಲೇಮು 1,77,000 ಡಾಲರಿಗೂ ಮಿಕ್ಕಿದ್ದು. ಹದಿನಾಲ್ಕು ಟ್ರಂಕಿನ ಬಟ್ಟೆ, ಒಡವೆ, ಒಂದೊಂದನ್ನೂ ಬರೆದ ಪಟ್ಟಿ. ಕ್ಲೇಮು ಬರೆಯುವುದು ಹೇಗೆಂದು ನಮ್ಮ ಗ್ರಾಹಕರು ಆಕೆಯಿಂದ ಕಲಿಯಬೇಕು.

1935ರಲ್ಲಿ ಫ್ರೆಂಚರ 'ನಾರ್ಮಂಡಿ' ಬಂತು. ಅದರ ದೋವಿಲ್, ತ್ರೂವಿಲ್ ಎಂಬ ಎರಡು ಸೂಟುಗಳಿಗೆ ಸ್ವಂತ ತಾರಸಿ, ಸ್ವಂತ ಊಟದ ಮನೆ, ಪಿಯಾನೋ. ಏಳೇ ವರ್ಷಕ್ಕೆ, 1942ರ ಫೆಬ್ರವರಿಯಲ್ಲಿ, ನ್ಯೂಯಾರ್ಕ್ ಬಂದರಿನಲ್ಲಿ ಬೆಂಕಿ ಬಿದ್ದು ಮಗುಚಿಕೊಂಡಿತು. ಇವೆಲ್ಲ ಹಡಗಿಗೆ ಒಂದೆರಡರಂತೆ ಇದ್ದ ಸೂಟುಗಳು. ನನ್ನಂಥ ಸಂಬಳದವನಿಗೆ ಬಾಲ್ಕನಿ ಸಿಗಲು ಇನ್ನೂ ಅರ್ಧ ಶತಮಾನ ಬೇಕಿತ್ತು.

ನಡುವೆ ಬಂದದ್ದು ಹವಾನಿಯಂತ್ರಣ. ಇಟಲಿಯ 'ವಿಕ್ಟೋರಿಯಾ' ಎಂಬ ಹಡಗಿನ (1931) ಫಸ್ಟ್ ಕ್ಲಾಸ್ ಊಟದ ಮನೆಗೆ ಎ.ಸಿ. ಹಾಕಿದ್ದು ಹಡಗು ಲೋಕದಲ್ಲೇ ಮೊದಲು. ಆ ಹಡಗು ಆಮೇಲೆ ಮುಂಬಯಿಗೂ ಓಡಾಡಿತು. ಯುದ್ಧ ಮುಗಿದ ಮೇಲೆ ಎ.ಸಿ. ಕೋಣೆಕೋಣೆಗೂ ಬಂತು. ಸೆಕೆ ಹೋಯಿತು, ಸರಿ. ಆದರೆ ಕಿಟಕಿಯೇ ಇಲ್ಲದ ಒಳಕೋಣೆಗಳನ್ನು ನಾಚಿಕೆಯಿಲ್ಲದೆ ಮಾರಲು ಕಂಪನಿಗಳಿಗೆ ಅನುಕೂಲವೂ ಆಯಿತು. ಒಳಗೆ ತಂಪು ಇದೆಯಲ್ಲ, ಕಿಟಕಿ ಏಕೆ? ಗಾಳಿ ಅಗತ್ಯವಾಗಿದ್ದ ಕಾಲ ಮುಗಿದು ಗಾಳಿ ಶೋಕಿಯಾದದ್ದು ಇಲ್ಲಿಂದ.

1961ರ 'ಕ್ಯಾನ್‌ಬೆರಾ', ಇದೂ ಪಿ ಅಂಡ್ ಓ ಹಡಗು, ಎರಡು ಕೆಲಸ ಮಾಡಿತು. ಒಳಕೋಣೆಗಳನ್ನು ಸಣ್ಣ ಅಂಗಳದ ಸುತ್ತ ಜೋಡಿಸಿ, ಆ ಅಂಗಳದ ಕೊನೆಗೆ ಕಿಟಕಿ ಇಟ್ಟು ಎಲ್ಲಕ್ಕೂ ಹಗಲು ಬೆಳಕು ಸಿಗುವಂತೆ ಮಾಡಿತು. ನಮ್ಮ ತೊಟ್ಟಿಮನೆಯ ಬುದ್ಧಿ. ಇನ್ನೊಂದು, ಜೀವರಕ್ಷಕ ದೋಣಿಗಳನ್ನು ಮೇಲಿನಿಂದ ತೆಗೆದು ಮೂರು ಅಂತಸ್ತು ಕೆಳಗೆ, ಹಡಗಿನ ಪಕ್ಕೆಯೊಳಗೆ ಕೂರಿಸಿತು. ಓದುವವರಿಗೆ ಇದು ಬಡಗಿ ಕೆಲಸ ಎನಿಸಬಹುದು. ಆದರೆ ಈಗಿನ ಬಾಲ್ಕನಿಗಳಿಗೆ ಜಾಗ ಸಿಕ್ಕಿದ್ದೇ ಇದರಿಂದ. ಮೇಲೆ ದೋಣಿಗಳು ಸಾಲಾಗಿ ನೇತಾಡುತ್ತಿದ್ದರೆ ಬಾಲ್ಕನಿ ಎಲ್ಲಿ ಕಟ್ಟುತ್ತೀರಿ?

ಅಷ್ಟರಲ್ಲಿ ವಿಮಾನ ಬಂದು ಹಡಗಿನ ಊಟಕ್ಕೇ ಕಲ್ಲು ಹಾಕಿತು. 1970ರ ಹೊತ್ತಿಗೆ ಪಿ ಅಂಡ್ ಓದವರ ಮುಂಬಯಿ ಪ್ರಯಾಣಿಕ ಸೇವೆಯೂ ಮುಗಿಯಿತು. ಊರು ತಲುಪಲು ಯಾರೂ ಹಡಗು ಹತ್ತದಿದ್ದರೆ, ಹಡಗನ್ನೇ ಊರು ಮಾಡಿ ಮಾರಬೇಕು. 1984ರ ನವೆಂಬರಿನಲ್ಲಿ ರಾಜಕುಮಾರಿ ಡಯಾನಾ ಹೆಸರಿಟ್ಟ 'ರಾಯಲ್ ಪ್ರಿನ್ಸೆಸ್' ಹಡಗಿನಲ್ಲಿ ಸುಮಾರು 600 ಕೋಣೆ, ಎಲ್ಲಕ್ಕೂ ಸಮುದ್ರದ ಕಡೆ ಕಿಟಕಿ. ಊಟದ ಮನೆ, ಸಭಾಂಗಣ ಕೆಳಗೆ; ಕೋಣೆಗಳು ಮೇಲೆ. ಅವುಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲೊಂದಕ್ಕೆ ಬಾಲ್ಕನಿ. ಜನ ಮುಗಿಬಿದ್ದರು. ಆಮೇಲೆ ಕಟ್ಟಿದ ಹಡಗುಗಳು ಬರಬರುತ್ತ ತೇಲುವ ಅಪಾರ್ಟ್‌ಮೆಂಟುಗಳಾದವು. 2009ರ 'ಓಯಸಿಸ್ ಆಫ್ ದ ಸೀಸ್'ನಲ್ಲಿ ಕೆಲವು ಬಾಲ್ಕನಿಗಳು ಸಮುದ್ರಕ್ಕಲ್ಲ, ಹಡಗಿನೊಳಗೇ ಬೆಳೆಸಿದ ಗಿಡಮರದ ತೋಟಕ್ಕೆ ಮುಖ ಮಾಡಿವೆ. 2011ರ 'ಡಿಸ್ನಿ ಡ್ರೀಮ್'ನ ಒಳಕೋಣೆಗಳಿಗೆ ದುಂಡು ಕಿಟಕಿಯಾಕಾರದ ಟಿ.ವಿ. ಹಾಕಿ ಅದರಲ್ಲಿ ಹೊರಗಿನ ಸಮುದ್ರ ತೋರಿಸಿದರು. ಬಿಬಿ ಕಂಪನಿಯವರ ಆ ಓಣಿ ಇದಕ್ಕಿಂತ ಪ್ರಾಮಾಣಿಕವಾಗಿತ್ತು.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. 2006ರ ಮಾರ್ಚ್ 23ರ ನಸುಕಿನಲ್ಲಿ ಕೆರಿಬಿಯನ್ ಸಮುದ್ರದಲ್ಲಿ 'ಸ್ಟಾರ್ ಪ್ರಿನ್ಸೆಸ್' ಹಡಗಿನ ಒಂದು ಬಾಲ್ಕನಿಗೆ ಬೆಂಕಿ ಬಿತ್ತು. ಯಾರೋ ಎಸೆದ ಸಿಗರೇಟಿನ ತುಂಡೇ ಕಾರಣವಿರಬೇಕೆಂದು ತನಿಖೆ ಹೇಳಿತು. ಬಾಲ್ಕನಿಗಳ ನಡುವಿನ ತಡಿಕೆ ಪ್ಲಾಸ್ಟಿಕ್ಕಿನದು, ಕುರ್ಚಿಗಳೂ ಅದೇ, ಮೇಲೆ ನೀರು ಚಿಮ್ಮುವ ವ್ಯವಸ್ಥೆ ಇಲ್ಲ. ಬೆಂಕಿ ಅಂತಸ್ತಿನಿಂದ ಅಂತಸ್ತಿಗೆ ಹತ್ತಿತು. ಒಬ್ಬರು ತೀರಿಕೊಂಡರು. ಕೋಣೆಯೊಳಗಿನ ಪ್ರತಿ ಪರದೆಗೂ ಬೆಂಕಿಯ ನಿಯಮವಿತ್ತು, ಹೊರಗಿನ ಬಾಲ್ಕನಿ ಮಾತ್ರ ಯಾರ ಲೆಕ್ಕಕ್ಕೂ ಬಂದಿರಲಿಲ್ಲ. 2008ರ ಜುಲೈ 1ರಿಂದ ಅಂತರರಾಷ್ಟ್ರೀಯ ನಿಯಮ ಬದಲಾಯಿತು. ಆದ್ದರಿಂದ ಕಠಡೆಯ ಮೇಲೆ ಟವೆಲು ಒಣಹಾಕಬೇಡಿ ಎಂದು ಹಡಗಿನವರು ಹೇಳಿದರೆ ಜಗಳಕ್ಕೆ ನಿಲ್ಲಬೇಡಿ. ನಮ್ಮವರಿಗೆ ಬಾಲ್ಕನಿ ಕಂಡ ಕೂಡಲೇ ಬಟ್ಟೆ ಒಣಗಿಸುವ ಆಸೆ, ನನಗೆ ಗೊತ್ತು.

ಈಗ ನಮ್ಮ ಕಡೆಯ ಹಡಗು. ಇದು ಇಲ್ಲದೆ ನನ್ನ ಲೆಕ್ಕ ಟ್ಯಾಲಿ ಆಗುವುದಿಲ್ಲ.

ನಮ್ಮದು ಅಂಕೋಲೆಯ ಕಡೆ. 1956ರವರೆಗೆ ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೇ ಸೇರಿತ್ತು. ಓದಿಗೆ, ನೌಕರಿಗೆ, ಕೋರ್ಟಿಗೆ ಜನ ಬೆಂಗಳೂರಿನ ಮುಖ ನೋಡುತ್ತಿರಲಿಲ್ಲ, ಆಗಬೋಟು ಹತ್ತಿ ಮುಂಬಯಿಗೆ ಬರುತ್ತಿದ್ದರು. ಅಜ್ಜ 1930ರ ದಶಕದಲ್ಲಿ ಕಾರವಾರದಿಂದ ಹಾಗೆ ಬಂದವನು. ಆ ಬೋಟುಗಳು ಕ್ಷೇಮವೆಂದಲ್ಲ. 1947ರ ಜುಲೈ 17ರಂದು, ಸ್ವಾತಂತ್ರ್ಯಕ್ಕೆ ತಿಂಗಳಿದೆ ಎನ್ನುವಾಗ, ಮುಂಬಯಿಯಿಂದ ರೇವಸಕ್ಕೆ ಹೊರಟ 'ರಾಮದಾಸ' ಮಳೆಗಾಳಿಗೆ ಮಗುಚಿ ಆರುನೂರಕ್ಕೂ ಹೆಚ್ಚು ಜನ ಹೋದರು. ಟೈಟಾನಿಕ್ ಗೊತ್ತಿರುವ ನಮ್ಮ ಮಕ್ಕಳಿಗೆ ರಾಮದಾಸ ಗೊತ್ತಿಲ್ಲ.

ನನ್ನ ನೆನಪಿನ ಬೋಟು ಕೊಂಕಣ ಸೇವಕ್, ಕೊಂಕಣ ಶಕ್ತಿಯ ಕಾಲದ್ದು. 1980ರ ದಶಕದವರೆಗೂ ಮುಂಬಯಿಯ ಭಾವೂಚಾ ಧಕ್ಕಾದಿಂದ ಪಣಜಿಗೆ ಓಡಿದ ಜೋಡಿ. ಬೆಳಿಗ್ಗೆ ಹತ್ತಕ್ಕೆ ಬಿಟ್ಟರೆ ಮರುದಿನ ಬೆಳಿಗ್ಗೆ ಪಣಜಿ. ಅಲ್ಲಿಂದ ಬಸ್ಸು; ಜುವಾರಿಗೂ ಕಾಳಿ ನದಿಗೂ ಆಗ ಸೇತುವೆ ಇರಲಿಲ್ಲ, ಎರಡು ಕಡೆ ಫೆರ್ರಿ. ಬೋಟಿನಲ್ಲಿ ಕ್ಯಾಬಿನ್ ದೊಡ್ಡವರಿಗೆ. ನಮ್ಮಂಥವರಿಗೆ ಅಪ್ಪರ್ ಡೆಕ್ ಮತ್ತು ಲೋವರ್ ಡೆಕ್. ಧಕ್ಕೆಯ ಕೂಲಿಗಳು ಎಲ್ಲರಿಗಿಂತ ಮೊದಲು ಹಾರಿ ಚಾದರ ಹಾಸಿ ಜಾಗ ಹಿಡಿದು ಕೊಡುತ್ತಿದ್ದರು. ಆಗಿನ 'ಪ್ರಯಾರಿಟಿ ಬೋರ್ಡಿಂಗ್' ಅದೇ.

1978ರ ಮೇ ತಿಂಗಳು, ನನಗೆ ಒಂಬತ್ತು ವರ್ಷ. ಅಪ್ಪ ಲೋವರ್ ಡೆಕ್ಕಿನ ಟಿಕೆಟು ತೆಗೆದಿದ್ದ. ಇಂಜಿನಿನ ಸದ್ದು, ಡೀಸೆಲ್ ವಾಸನೆ, ಬುಟ್ಟಿ ಬುಟ್ಟಿ ಮಾವಿನಹಣ್ಣು, ಅದರ ಮೇಲೆ ಇನ್ನೂರು ಜನರ ಬೆವರು. ಮಧ್ಯಾಹ್ನದ ಹೊತ್ತಿಗೇ ಆಯಿಗೆ ವಾಂತಿ ಶುರುವಾಯಿತು. ಸಂಜೆಗೆ ಏಳಲಾಗದೆ ಬಿದ್ದುಕೊಂಡಳು. ಅಪ್ಪ ಮಾತು ಕಡಿಮೆಯ ಮನುಷ್ಯ, ಯಾರ ಹತ್ತಿರವೂ ಏನೂ ಕೇಳಿದವನಲ್ಲ. ಆ ದಿನ ಮೇಲೆ ಹೋಗಿ ಕೈಮುಗಿದು ಜಾಗ ಕೇಳಿ ಬಂದ. ಮಾಲವಣದ ಒಂದು ಸಂಸಾರ ಕಠಡೆಯ ಪಕ್ಕ ಚಾದರ ಸರಿಸಿ ಒಂದಾಳು ಮಲಗುವಷ್ಟು ಜಾಗ ಬಿಟ್ಟಿತು. ಟಿಕೆಟು ನೋಡುವವ ಬಂದಾಗ ಆ ಮನೆಯ ಹೆಂಗಸು "ಮಾಝೀ ಬಹೀಣ ಆಹೇ" ಎಂದಳು, ನನ್ನ ತಂಗಿ ಎಂದು. ಅವನು ಆಯಿಯ ಮುಖ ನೋಡಿದ, ಮುಂದೆ ಹೋದ. ನನ್ನ ಜೀವಮಾನದಲ್ಲಿ ಕಂಡ ಮೊದಲ ಅಪ್‌ಗ್ರೇಡು. ಗಾಳಿ ತಾಗಿದ್ದೇ ಆಯಿ ಎದ್ದು ಕೂತು ನೀರು ಕೇಳಿದಳು. ಅಪ್ಪ ಮಾತ್ರ ರಾತ್ರಿಯಿಡೀ ಕೆಳಗೇ ಇದ್ದ, ಸಾಮಾನು ಕಾಯಬೇಕಲ್ಲ.

ಅಪ್ಪ ಹೋಗಿ ಹನ್ನೊಂದು ವರ್ಷವಾಯಿತು. ಆಯಿಗೆ ಈಗ ಎಪ್ಪತ್ತೊಂಬತ್ತು. ಸೂಟ್ ತೆಗೆಯುವಾಗ ನಾನು ಇದನ್ನೆಲ್ಲ ಯಾರಿಗೂ ಹೇಳಲಿಲ್ಲ.

ಹೋಗುವವರಿಗೆ ಉಪಯೋಗವಾಗಲೆಂದು ನಾನು ಕಲಿತ ನಾಲ್ಕು ಮಾತು. ಹಡಗಿನ ನಡುಭಾಗದ ಕೋಣೆ ಕೇಳಿ, ಅಲುಗಾಟ ಕಡಿಮೆ. ಟೈಟಾನಿಕ್ ಕಾಲದಿಂದಲೂ ಫಸ್ಟ್ ಕ್ಲಾಸಿನವರನ್ನು ನಡುವೆ ಇಟ್ಟು, ಮೂರನೇ ದರ್ಜೆಯವರನ್ನು ಎರಡು ತುದಿಗೆ ತಳ್ಳಿದ್ದು ಇದಕ್ಕೇ. ಮುಂಬಯಿಯಿಂದ ಗೋವಾಕ್ಕೆ ಹೋಗುವಾಗ ಎಡಗಡೆ ನೆಲದ ಕಡೆ, ಬಲಗಡೆ ಸೂರ್ಯಾಸ್ತ, ಬರುವಾಗ ಅದಲುಬದಲು. ಕೋಣೆ ಬದಲಾಗುವುದಿಲ್ಲವಾದ್ದರಿಂದ ಹೇಗೂ ಒಂದು ಸಂಜೆ ಸಿಗುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. ಆದರೆ ಬಾಲ್ಕನಿಯ ಕೆಳಗೆ ಜೀವರಕ್ಷಕ ದೋಣಿ ಇದೆಯೇ ಎಂದು ನಕ್ಷೆಯಲ್ಲಿ ನೋಡಿಕೊಳ್ಳಿ, ಇಲ್ಲವಾದರೆ ಬಗ್ಗಿದಾಗ ಸಮುದ್ರದ ಬದಲು ಕಿತ್ತಳೆ ಬಣ್ಣದ ತಾಡಪಾಲು ಕಾಣುತ್ತದೆ. ಬಾಲ್ಕನಿಯ ಬಾಗಿಲು ತೆಗೆದಿರುವಾಗ ಓಣಿಯ ಬಾಗಿಲು ತೆಗೆಯಬೇಡಿ. ಗಾಳಿ ಎಳೆದು ಬಡಿದರೆ ಬೆರಳು ಹೋಗುತ್ತದೆ. ವಿಶೇಷ ಲೌಂಜು, ಉಚಿತ ಇಸ್ತ್ರಿ, ಬೇರೆ ಸಾಲು ಇತ್ಯಾದಿಗಳಲ್ಲಿ ನಮಗೆ ಕೆಲಸಕ್ಕೆ ಬಂದದ್ದು ಬೇರೆ ಸಾಲು ಒಂದೇ. ಆಯಿಗೆ ಒಂದೂವರೆ ಗಂಟೆ ನಿಲ್ಲುವುದು ತಪ್ಪಿತು. ಲೌಂಜಿಗೆ ನಾವು ಒಮ್ಮೆ ಹೋಗಿ, ಚಹಾ ತಣ್ಣಗಿದೆ ಎಂದು ವಾಪಸು ಬಂದೆವು.

ಬಲ್ಲಾರ್ಡ್ ಪಿಯರಿನಿಂದ ಹತ್ತಿದೆವು. ಒಂದು ಕಾಲಕ್ಕೆ ಸಾಹೇಬರ ಹಡಗು ಹತ್ತುತ್ತಿದ್ದ ಜಾಗ. ನಮ್ಮವರದು ಯಾವಾಗಲೂ ಭಾವೂಚಾ ಧಕ್ಕಾ. ಕೋಣೆ ನೋಡಿ ಆಯಿ ಏನೂ ಹೇಳಲಿಲ್ಲ. ನೇರ ಬಾಲ್ಕನಿಗೆ ಹೋಗಿ ಕಠಡೆ ಹಿಡಿದು ನಿಂತಳು. ಕತ್ತಲಾಗಿ ದೂರದಲ್ಲಿ ಮೀನು ದೋಣಿಗಳ ದೀಪ ಕಾಣತೊಡಗಿದ ಮೇಲೆ ಕೇಳಿದಳು, "ಎಷ್ಟು ಕೊಟ್ಯೋ ತಮಾ ಇದಕ್ಕೆ?"

ನಾನು ಮೂರರಲ್ಲೊಂದು ಪಾಲು ಹೇಳಿದೆ.

"ಅಷ್ಟಾ! ಬರೀ ಗಾಳಿಗೆ?" ಎಂದಳು. ನಮ್ಮ ಮನೆಯವಳು ಮುಖ ಆಚೆ ತಿರುಗಿಸಿ ನಕ್ಕಳು.

ರಾತ್ರಿ ಮಂಚದ ಮೇಲೆ ಆಯಿ ಇರಲಿಲ್ಲ. ನೋಡಿದರೆ ಬಾಲ್ಕನಿಯ ಎರಡು ಕುರ್ಚಿಗಳನ್ನು ಒಳಗೆ ಸರಿಸಿ, ನೆಲಕ್ಕೆ ಚಾದರ ಹಾಸಿ, ಕಠಡೆಯ ಕಡೆ ತಲೆ ಮಾಡಿ ಮಲಗಿದ್ದಾಳೆ. ಹಣ್ಣಿನ ಬುಟ್ಟಿ ತಂದ ಹುಡುಗ ಅದನ್ನು ಕಂಡು ಗಾಬರಿಯಾದ, ಡಾಕ್ಟರನ್ನು ಕರೆಯಲೇ ಎಂದ. ಅವನ ಉಚ್ಚಾರ ಕೇಳಿ ಆಯಿ ಕೊಂಕಣಿಯಲ್ಲಿ ಊರು ಕೇಳಿದಳು. ಕಾಣಕೋಣದವ. ಅವನ ಅಜ್ಜನೂ ತಾರ್ವಟಿಯಂತೆ. ಆಮೇಲೆ ಹತ್ತು ನಿಮಿಷ ಕಾರವಾರದ ಮೀನುಪೇಟೆ, ಕಾಳಿ ಸೇತುವೆ ಬಿದ್ದದ್ದು, ಅವನ ತಾಯಿಯ ಮಂಡಿನೋವು. ನಾನು ಮತ್ತು ನಮ್ಮ ಮನೆಯವಳು ಪ್ರೇಕ್ಷಕರು.

"ನೀನು ಎಲ್ಲಿ ಮಲಗ್ತೆ?" ಎಂದು ಆಯಿ ಕೇಳಿದಳು.

ಅವನು ಬೆರಳಿನಿಂದ ನೆಲ ತೋರಿಸಿದ, ಕೆಳಗೆ, ತುಂಬ ಕೆಳಗೆ ಎನ್ನುವ ಹಾಗೆ.

"ಕಿಟಕಿ ಉಂಟಾ?"

"ನಾ ಆಯೀ," ಎಂದು ನಕ್ಕ.

ಆಯಿ ಎದ್ದು ಕೂತು ಚಾದರವನ್ನು ಸ್ವಲ್ಪ ಈಚೆಗೆ ಎಳೆದುಕೊಂಡಳು. ಅವನು ಓಣಿಯ ಕಡೆ ಒಮ್ಮೆ ನೋಡಿ, ಬಾಗಿಲು ಮುಚ್ಚಿ, ಕೈಯ ತಟ್ಟೆಯನ್ನು ಮೇಜಿನ ಮೇಲಿಟ್ಟು ಹೊರಗೆ ಬಂದ. ಎರಡು ನಿಮಿಷ ಕಠಡೆ ಹಿಡಿದು ನಿಂತಿದ್ದ.